ಒಂಬತ್ತನೆಯ ಉಸಿರಿಗೆ ಬಾಯಿ ಹಾಕಿದವಳು

ವೀರ ನಿರ್ವಾಣ ಸಂವತ್ 2740, ಭಾದ್ರಪದ ಬಹುಳ ಪಾಡ್ಯ
ಇಸವಿ 2214, ಸೆಪ್ಟೆಂಬರ್ 31

ದುರ್ಗವ್ವ ಅಕ್ಕನವರಿಗೆ ಸುಗಂಧವ್ವ ಪಾಯಪ್ಪ ಮಗದುಮ್ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಇವಳಿಗೆ ಎಣಿಕೆ ಬರುವುದಿಲ್ಲ ಎಂದುಕೊಳ್ಳಬೇಡಿ. ತಿಂಗಳುಗಳಿಗೆ ದಿನಗಳನ್ನು ದೊಡ್ಡವರು ಕೂತು ಹೊಸದಾಗಿ ಹಂಚಿ ಅರವತ್ತು ವರ್ಷವಾಯಿತು. ನಮ್ಮ ಸೆಪ್ಟೆಂಬರಿಗೆ ಮೂವತ್ತೊಂದು ದಿನ. ನಿಮ್ಮಲ್ಲಿ ಇಲ್ಲದ ದಿನದಲ್ಲಿ ಕೂತು ನಿಮಗೆ ಬರೆಯುತ್ತಿದ್ದೇನೆ. ತಿಥಿ ಮಾತ್ರ ನಿಮ್ಮ ಕಾಲದ್ದೇ, ಚಂದ್ರನ ತಂಟೆಗೆ ಯಾರಿಗೂ ಹೋಗಲಾಗಲಿಲ್ಲ. ಮಾತಿನ ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ. ಇನ್ನೂರು ವರ್ಷದಲ್ಲಿ ಕನ್ನಡ ಬಹಳ ಹೊರಳಿದೆ. ನಾನು ಓದಿದ್ದು ಊರ ಶಾಲೆಯಲ್ಲಿ, ಏಳನೆಯ ಇಯತ್ತೆಯವರೆಗೆ. ಬಸದಿಯಲ್ಲಿರುವ ಹಳೆಯ ಪುಸ್ತಕಗಳನ್ನು ಓದಿ ಓದಿ ನಿಮ್ಮ ಕಾಲದ ಬರವಣಿಗೆ ಅಷ್ಟಿಷ್ಟು ಕೈಗೆ ಬಂದಿದೆ. ಆದರೂ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಸೈರಿಸಿಕೊಳ್ಳಿ. ಅರ್ಥವಾಗದ ಮಾತನ್ನು ಅರ್ಥವಾಯಿತು ಎಂದು ದಾಟಿಸಿಬಿಡುವ ಚಾಳಿ ನನಗಿತ್ತು, ಈ ಓಲೆ ಬರೆಯುವ ಹೊತ್ತು ಬಂದದ್ದೂ ಅದರಿಂದಲೇ. ಆದ್ದರಿಂದ ಇಲ್ಲಿ ಹೊಸ ಮಾತು ಬಂದ ಕಡೆಯೆಲ್ಲ ನಿಂತು ಬಿಡಿಸಿ ಹೇಳುತ್ತೇನೆ.

ನೀವು ನನಗೆ ಹೇಗೆ ಗೊತ್ತು ಎಂದರೆ, ನಿಮ್ಮ ಚೀಟಿ ನನ್ನ ಹತ್ತಿರ ಇದೆ. ನಮ್ಮ ದವಾಖಾನೆಯಲ್ಲಿ ಕೇಳ್ವೆಗಿತ್ತಿಯ ಕೆಲಸಕ್ಕೆ, ಅದೇನೆಂದು ಮುಂದೆ ಹೇಳುತ್ತೇನೆ, ಸೇರುವ ದಿನ ಪ್ರತಿಯೊಬ್ಬಳ ಕೈಗೂ ನಿಮ್ಮ ಕಾಲದ ಒಂದು ಹೊರರೋಗಿ ಚೀಟಿಯನ್ನು ಕೊಡುತ್ತಾರೆ. ಆ ಚೀಟಿಯ ಮೇಲಿನ ಹೆಸರನ್ನು ಓದಿ, ಆ ಮನುಷ್ಯರಿಗೆ ಮಾತು ಕೊಡಬೇಕು. ನನಗೆ ಬಂದದ್ದು ನಿಮ್ಮದು. ದುರ್ಗವ್ವ ಯಲ್ಲಪ್ಪ ಮಾದರ, ವಯಸ್ಸು ಐವತ್ತೆರಡು, ಕಣ್ಣಿನ ವಿಭಾಗ, ಇಸವಿ 2026. ಅದರ ಕೆಳಗೆ ಇಂಗ್ಲಿಷಿನಲ್ಲಿ ಅರ್ಧ ಸಾಲು. ಹಳೆಯ ಬರಹ ಓದುವ ಪಂಡಿತರಿಗೆ ತೋರಿಸಿದೆ, ಅವರಿಗೂ ಆಗಲಿಲ್ಲ. ಅದರ ಕೆಳಗೆ ಒಂದು ತಿಂಗಳು ಬಿಟ್ಟು ಬರಬೇಕು ಎಂಬ ಗುರುತು, ಆಮೇಲೆ ಏನೂ ಇಲ್ಲ. ನೀವು ಮತ್ತೆ ಹೋದಿರೋ ಇಲ್ಲವೋ, ನಿಮ್ಮ ಕಣ್ಣು ಏನಾಯಿತೋ ನನಗೆ ತಿಳಿಯದು. ನಿಮ್ಮ ಎದುರಿಗೆ ಕೂತಿದ್ದ ಡಾಕ್ಟರು ಆ ಅರ್ಧ ಸಾಲನ್ನು ನಿಮಗೆ ಬಾಯಲ್ಲಿ ಹೇಳಿದರೋ, ಹೇಳಿದ್ದರೆ ನಿಮ್ಮ ಮುಖ ನೋಡಿ ಹೇಳಿದರೋ ಅದೂ ತಿಳಿಯದು. ಆ ದಿನ ನಿಮಗೆ ನಾನು ಕೊಟ್ಟ ಮಾತು ಇಷ್ಟು: ನಿಮಗಾಗಿರಬಹುದಾದದ್ದು, ಮಾತು ತಿಳಿಯದೆ ಎದ್ದು ಹೋಗುವುದು, ನನ್ನ ಕಣ್ಣೆದುರು ಇನ್ನೊಬ್ಬರಿಗೆ ಆಗಗೊಡುವುದಿಲ್ಲ. ನೀವು ನನಗಿಂತ ಎರಡು ವರ್ಷ ದೊಡ್ಡವರು, ಇನ್ನೊಂದು ಲೆಕ್ಕದಲ್ಲಿ ಇನ್ನೂರು ವರ್ಷ. ಅಕ್ಕ ಎಂದೇ ಕರೆಯುತ್ತೇನೆ. ಅಕ್ಕಾ, ಕೊಟ್ಟ ಮಾತನ್ನು ನಾನು ಮುರಿದಿದ್ದೇನೆ.

ಹೇಗೆ ಮುರಿದೆ ಎಂದು ಹೇಳಬೇಕಾದರೆ ನಮ್ಮ ದವಾಖಾನೆ ಹೇಗಿದೆ ಎಂದು ಮೊದಲು ಹೇಳಬೇಕು. ಕೃಷ್ಣೆಯ ದಂಡೆಯ ಮೇಲೆ ಹದಿನೆಂಟು ಊರಿಗೆ ಒಂದೇ ದವಾಖಾನೆ. ರೋಗ ಯಾವುದು ಎಂದು ಕಂಡುಹಿಡಿಯುವ ಕಷ್ಟ ಈಗ ಡಾಕ್ಟರಿಗೆ ಇಲ್ಲ. ಪ್ರತಿ ಊರಿನ ಚಾವಡಿಯಲ್ಲೂ ಒಂದು ನೋಟಗಂಬ ಇರುತ್ತದೆ. ಆಳೆತ್ತರದ ಕಂಬ, ಅದರೆದುರು ಒಂದು ನವಕಾರ ಮಂತ್ರ ಮುಗಿಸುವಷ್ಟು ಹೊತ್ತು ನಿಂತರೆ ಸಾಕು, ಮೈಯೊಳಗಿನದನ್ನೆಲ್ಲ ಓದಿ ದವಾಖಾನೆಗೆ ಕಳಿಸುತ್ತದೆ. ಹೀಗಾಗಿ ಡಾಕ್ಟರಾದವರ ಕೆಲಸವೆಲ್ಲ ಉಳಿದದ್ದು ಮಾತಿನಲ್ಲಿ. ಒಂಬತ್ತು ವರ್ಷ ಓದುತ್ತಾರೆ, ಅದರಲ್ಲಿ ನಾಲ್ಕು ವರ್ಷ ಹೇಳುವುದನ್ನು ಮತ್ತು ಕೇಳುವುದನ್ನು ಕಲಿಯುವುದಕ್ಕೇ ಹೋಗುತ್ತದೆ. ಕೋಣೆಯಲ್ಲಿ ರೋಗಿಯ ಕುರ್ಚಿ ಎತ್ತರ, ಡಾಕ್ಟರದ್ದು ಒಂದು ಗೇಣು ಕೆಳಗೆ. ಹೇಳಿ ಮುಗಿಸಿದ ಮೇಲೆ ರೋಗಿ ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು, ಅದಕ್ಕೆ ಮರುನುಡಿ ಎನ್ನುತ್ತೇವೆ. ಮರುನುಡಿ ಆದ ಮೇಲೆ ಡಾಕ್ಟರು, ಇನ್ನೇನಾದರೂ ಉಳಿದಿದೆಯೇ ಎಂದು ಕೇಳಿ, ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟು ಇಪ್ಪತ್ತು ಉಸಿರಿನಷ್ಟು ಹೊತ್ತು ಸುಮ್ಮನೆ ಕೂರಬೇಕು. ಎದ್ದೇಳುವಂತಿಲ್ಲ, ಬಾಗಿಲ ಕಡೆ ನೋಡುವಂತಿಲ್ಲ. ಇದಕ್ಕೆ ಕಾಪು ಎನ್ನುತ್ತೇವೆ. ರೋಗಿಯ ನಿಜವಾದ ಮಾತು ಹೊರಡುವುದು ಬಹಳ ಸಲ ಹದಿನೈದನೆಯ ಉಸಿರಿನ ಮೇಲೆ ಎಂದು ಹಿಂದಿನವರು ಎಣಿಸಿ ನೋಡಿದ್ದಾರಂತೆ. ನಾನೂ ನೋಡಿದ್ದೇನೆ. ಹೊಟ್ಟೆನೋವು ಎಂದು ಬಂದವರು ಹದಿನಾರನೆಯ ಉಸಿರಿಗೆ ಮಗಳು ಮಾತು ಬಿಟ್ಟಿದ್ದಾಳೆ ಎಂದು ಅತ್ತದ್ದುಂಟು.

ಇನ್ನು ಕೇಳ್ವೆಗಿತ್ತಿ ಎಂದರೆ ಆ ಕೋಣೆಯಲ್ಲಿ ರೋಗಿಯ ಪಕ್ಕದ ಮಣೆಯ ಮೇಲೆ ಕೂರುವ ಹೆಂಗಸು. ಹೆಚ್ಚು ಓದಿದವಳನ್ನು ಈ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಊರ ಶಾಲೆಯವಳೇ ಆಗಬೇಕು. ಡಾಕ್ಟರು ಹೇಳಿದ್ದು ಅವಳಿಗೆ ತಿಳಿದರೆ ರೋಗಿಗೂ ತಿಳಿಯಿತು ಎಂದು ಲೆಕ್ಕ. ತಿಳಿಯದಿದ್ದರೆ ಅವಳು ತಡೆಯಬೇಕು, ಇನ್ನೊಮ್ಮೆ ಹೇಳಿಸಬೇಕು. ಎಲ್ಲ ಮುಗಿದ ಮೇಲೆ ಹಲಗೆಯ ಮೇಲೆ ಹೆಬ್ಬೆರಳು ಒತ್ತುತ್ತಾಳೆ, ಅದು ತಿಳಿಗುರುತು. ಅವಳು ಒತ್ತದೆ ರೋಗಿಗೆ ಔಷಧ ಹೊರಗೆ ಬರುವುದಿಲ್ಲ, ಡಾಕ್ಟರು ಮುಂದಿನವರನ್ನು ಕರೆಯುವಂತಿಲ್ಲ. ನಾನು ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಈ ಮಣೆಯ ಮೇಲೆ ಕೂತವಳು. ಮೊದಲ ಎರಡು ವರ್ಷ ದಡ್ಡಿಯ ಹಾಗೆ ತಡೆತಡೆದು ಕೇಳುತ್ತಿದ್ದೆ. ಡಾಕ್ಟರುಗಳು ಬೆವರುತ್ತಿದ್ದರು, ಹೊರಗೆ ಕಾದವರು ಬೈಯುತ್ತಿದ್ದರು. ಆ ಎರಡು ವರ್ಷ ನಾನು ಒಳ್ಳೆಯ ಕೇಳ್ವೆಗಿತ್ತಿಯಾಗಿದ್ದೆ ಎಂದು ಈಗ ಅನಿಸುತ್ತದೆ. ಆಮೇಲೆ ಡಾಕ್ಟರರ ಮಾತೆಲ್ಲ ಬಾಯಿಪಾಠವಾಗಿಬಿಟ್ಟಿತು. ಅವರು ಬಾಯಿ ತೆರೆಯುವಷ್ಟರಲ್ಲಿ ಮುಂದಿನದು ನನಗೆ ಗೊತ್ತು. ನನಗೆ ತಿಳಿದದ್ದನ್ನೇ ರೋಗಿಗೆ ತಿಳಿಯಿತು ಎಂದು ಎಣಿಸಿ ಹೆಬ್ಬೆರಳು ಒತ್ತುತ್ತ ಹೋದೆ. ಸುಗಂಧವ್ವ ಕೂತ ಕೋಣೆಯ ಸಾಲು ಬೇಗ ಸರಿಯುತ್ತದೆ ಎಂದು ಹದಿನೆಂಟು ಊರಲ್ಲೂ ಹೆಸರಾಯಿತು. ಜನ ನನ್ನ ಕೋಣೆಯನ್ನೇ ಕೇಳಿ ಬರುತ್ತಿದ್ದರು. ಬಸದಿಯಲ್ಲಿ ಪೂಜೆಗೆ ಕೂತಾಗಲೂ ಆ ಹೊಗಳಿಕೆ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಮಾನ ಕಷಾಯ ಎಂದು ನಮ್ಮವರು ಹೇಳುತ್ತಾರೆ, ಮನಸ್ಸಿಗೆ ಅಂಟಿಕೊಳ್ಳುವ ಹಮ್ಮು. ಹೇಳುವುದನ್ನು ಕೇಳಿದ್ದೆ, ನನಗೆ ಅಂಟಿದ್ದು ತಿಳಿಯಲಿಲ್ಲ.

ಹೋದ ವರ್ಷದ ಕಾರ್ತಿಕ. ಭರಮವ್ವ ಚೌಗಲಾ ಎಂಬವರು ಬಂದರು. ಅರವತ್ತಾರು ವರ್ಷದವರು, ನಮ್ಮ ಬಸದಿಯವರೇ, ಪೂಜೆಯಲ್ಲಿ ನನ್ನ ಹಿಂದಿನ ಸಾಲಿನಲ್ಲಿ ಕೂರುವವರು. ಊರಿನ ನೋಟಗಂಬ ಅವರ ಎರಡೂ ಕಣ್ಣಿನೊಳಗೆ ಒತ್ತಡ ಏರಿದೆ ಎಂದು ಓದಿ ಕಳಿಸಿತ್ತು. ಈ ರೋಗ ನಿಮ್ಮ ಕಾಲದಲ್ಲೂ ಇತ್ತಂತೆ. ನೋಯುವುದಿಲ್ಲ, ಕೆಂಪಾಗುವುದಿಲ್ಲ, ಅಂಚಿನಿಂದ ನೋಟವನ್ನು ಮೆಲ್ಲಗೆ ತಿನ್ನುತ್ತ ಬರುತ್ತದೆ. ತಿಂದದ್ದನ್ನು ಮರಳಿಸಲು ನಮಗೂ ಇನ್ನೂ ಬಂದಿಲ್ಲ. ದಿನಕ್ಕೊಂದು ಹನಿ ಔಷಧ ಬದುಕಿರುವ ತನಕ ಹಾಕಿಕೊಂಡರೆ ಅಲ್ಲಿಗೇ ನಿಲ್ಲುತ್ತದೆ, ಅಷ್ಟೇ. ಡಾಕ್ಟರ್ ಕಲ್ಮೇಶ ತಳವಾರರು ಎಳೆಯ ವಯಸ್ಸಿನವರು, ಒಳ್ಳೆಯವರು. ಇದನ್ನೆಲ್ಲ ನಿಧಾನವಾಗಿ ಹೇಳಿದರು. ಮಲಗುವ ಮುಂಚೆ ಎರಡೂ ಕಣ್ಣಿಗೆ ಒಂದೊಂದು ಹನಿ, ಒಂದು ರಾತ್ರಿಯೂ ತಪ್ಪಬಾರದು ಎಂದರು. ಭರಮವ್ವನವರು ಮರುನುಡಿಯನ್ನೂ ಸರಿಯಾಗಿಯೇ ಹೇಳಿದರು. ಡಾಕ್ಟರು ಇನ್ನೇನಾದರೂ ಉಳಿದಿದೆಯೇ ಎಂದು ಕೇಳಿ ಕೈಯನ್ನು ಮೊಣಕಾಲ ಮೇಲಿಟ್ಟರು. ಕಾಪು ಶುರುವಾಯಿತು.

ಇಲ್ಲಿ ನನ್ನ ವಿಷಯ ಒಂದು ಹೇಳಬೇಕು ಅಕ್ಕಾ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಊಟ ಮಾಡುವುದಿಲ್ಲ. ಗಂಡ ತೀರಿಕೊಂಡ ವರ್ಷದಿಂದ ನಾನು ಈ ವ್ರತವನ್ನು ಒಂದು ದಿನವೂ ತಪ್ಪಿಸಿಲ್ಲ, ತಪ್ಪಿಸಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದನ್ನೂ ತಪ್ಪಿಸಿಲ್ಲ. ಭರಮವ್ವ ಆ ದಿನದ ಕಡೆಯ ರೋಗಿ. ಕಿಟಕಿಯ ಎದುರಿಗೆ ನದಿ, ನದಿಯ ಆಚೆ ಸೂರ್ಯ ಕಬ್ಬಿನ ಗದ್ದೆಯ ಮಟ್ಟಕ್ಕೆ ಇಳಿದಿದ್ದ. ದವಾಖಾನೆಯಿಂದ ನಮ್ಮ ಮನೆಗೆ ತೇಲುಬಂಡಿಯಲ್ಲಿ ಕಾಲು ಗಂಟೆ. ತೇಲುಬಂಡಿ ಎಂದರೆ ಕಾಲುವೆಯ ನೀರಿನ ಮೇಲೆ ಎಳೆದುಕೊಂಡು ಹೋಗುವ ಗಾಡಿ, ಒಂದು ತಪ್ಪಿದರೆ ಇನ್ನೊಂದು ಬರುವಷ್ಟರಲ್ಲಿ ಕತ್ತಲೆ. ನಾನು ಉಸಿರು ಎಣಿಸುತ್ತಿದ್ದೆ, ಕಣ್ಣು ಕಿಟಕಿಯಲ್ಲಿತ್ತು. ಏಳನೆಯ ಉಸಿರಿಗೆ ಭರಮವ್ವ ಸೆರಗನ್ನು ಬೆರಳಿಗೆ ಸುತ್ತಿಕೊಂಡರು. ಎಂಟನೆಯದಕ್ಕೆ ಬಾಯಿ ತೆರೆದರು.

“ಅಲ್ರಿ ಸಾಹೇಬ್ರ, ರಾತ್ರಿ ಅಂದ್ರ...” ಎಂದು ನಿಲ್ಲಿಸಿದರು.

ಒಂಬತ್ತನೆಯ ಉಸಿರಿಗೆ ನಾನು ಹೇಳಿದೆ, “ಅವರಿಗೆ ಎಲ್ಲಾ ತಿಳದೈತ್ರಿ ಸಾಹೇಬ್ರ. ಮನಿಗೆ ಹೋದಮ್ಯಾಲ ನಾ ಹೇಳತೇನಿ.”

ಹೆಬ್ಬೆರಳು ಒತ್ತಿಬಿಟ್ಟೆ. ಡಾಕ್ಟರು ನನ್ನ ಮುಖ ನೋಡಿದರು, ಹತ್ತು ವರ್ಷದ ಅನುಭವದವಳು ಹೇಳುತ್ತಿದ್ದಾಳೆ ಎಂದು ಸುಮ್ಮನಾದರು. ಭರಮವ್ವ ಎದ್ದು ನಿಂತು, ದೊಡ್ಡವರು ಎದ್ದೇಳಿ ಎಂದಾಗ ಹೇಗೆ ಏಳುತ್ತಾರೋ ಹಾಗೆ, ಬಾಗಿಲ ಕಡೆ ನಡೆದರು. ನನಗೆ ತೇಲುಬಂಡಿ ಸಿಕ್ಕಿತು. ಸೂರ್ಯನ ಕಡೆಯ ಅಂಚು ಇರುವಾಗ ಕೈ ತೊಳೆದೆ. ಅವರಿಗೆ ನಾನು ಏನನ್ನೂ ಹೇಳಲು ಹೋಗಲಿಲ್ಲ, ಆ ರಾತ್ರಿಯೂ ಇಲ್ಲ, ಆಮೇಲೂ ಇಲ್ಲ. ಬಸದಿಯಲ್ಲಿ ವಾರಕ್ಕೊಮ್ಮೆ ನನ್ನ ಹಿಂದೆಯೇ ಕೂರುತ್ತಿದ್ದರು. ಚೈತ್ರದ ಹೊತ್ತಿಗೆ ಬರುವುದು ನಿಲ್ಲಿಸಿದರು. ವಯಸ್ಸಾಯಿತು, ಮಂಡಿ ನೋವಿರಬೇಕು ಎಂದುಕೊಂಡೆ.

ಈ ಶ್ರಾವಣದಲ್ಲಿ ಅವರ ಸೊಸೆ ಕುಸುಮಾ ದವಾಖಾನೆಗೆ ಬಂದಳು. ಅತ್ತೆ ಬಾಗಿಲ ಚೌಕಟ್ಟಿಗೆ ಹಾಯುತ್ತಾರೆ, ಮಜ್ಜಿಗೆಯನ್ನು ಲೋಟದ ಪಕ್ಕಕ್ಕೆ ಸುರಿಯುತ್ತಾರೆ, ಕೇಳಿದರೆ ಏನೂ ಇಲ್ಲ ಎನ್ನುತ್ತಾರೆ, ಕೈಹಿಡಿದು ಚಾವಡಿಯ ನೋಟಗಂಬದ ಎದುರು ನಿಲ್ಲಿಸಿ ಬಂದಿದ್ದೇನೆ, ದವಾಖಾನೆಗೆ ಮಾತ್ರ ಸುತರಾಂ ಬರುವುದಿಲ್ಲ ಎನ್ನುತ್ತಾರೆ ಎಂದಳು. ನೋಟಗಂಬ ಓದಿದ್ದು ಅಷ್ಟರಲ್ಲಿ ನಮಗೆ ಬಂದಿತ್ತು. ಎಡಗಣ್ಣು ಪೂರ್ತಿ ಹೋಗಿತ್ತು. ಬಲಗಣ್ಣಿನಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿತ್ತು, ಅದೂ ಹೋಗುವ ದಾರಿಯಲ್ಲಿತ್ತು. ಔಷಧದ ಶೀಶೆ ತುಂಬಿದ್ದು ತುಂಬಿದಂತೆ ಗೋಡೆಯ ಮಾಡದಲ್ಲಿದೆ ಎಂದು ಕುಸುಮಾ ಹೇಳಿದಳು. ಅವಳು ಅತ್ತೆಯ ಬಾಯಿಂದ ಕಷ್ಟಪಟ್ಟು ಹೊರಡಿಸಿದ ಕಾರಣ ಇಷ್ಟು. ಭರಮವ್ವ ರಾತ್ರಿ ಊಟವನ್ನಷ್ಟೇ ಬಿಟ್ಟವರಲ್ಲ, ನೀರನ್ನೂ ಬಿಟ್ಟವರು. ಮೂವತ್ತು ವರ್ಷದ ವ್ರತ. ಕಣ್ಣಿಗೆ ಹಾಕಿದ ಹನಿ ಸ್ವಲ್ಪ ಹೊತ್ತಿಗೆ ಗಂಟಲಿಗೆ ಇಳಿದು ಕಹಿಯಾಗುತ್ತಿತ್ತು. ಎರಡು ರಾತ್ರಿ ಹಾಕಿಕೊಂಡರು. ಮೂರನೆಯ ರಾತ್ರಿ, ಗಂಟಲಿಗೆ ಇಳಿದದ್ದು ಕುಡಿದಂತೆಯೇ ಲೆಕ್ಕ ಎಂದು ಶೀಶೆಯನ್ನು ಮಾಡದಲ್ಲಿಟ್ಟರು. ಔಷಧ ಹಾಕಿದಿರಾ ಎಂದು ದಿನಾ ಕೇಳುವ ಕರೆಹಲಗೆ ಎಲ್ಲರ ಮನೆಯ ಗೋಡೆಯ ಮೇಲೂ ಇರುತ್ತದೆ. ಹಾಕಿದೆ ಎಂದು ಸುಳ್ಳು ಹೇಳಲು ಅವರಿಗೆ ಬಾಯಿ ಬರಲಿಲ್ಲ, ಹಾಕಿಲ್ಲ ಎನ್ನಲು ನಾಚಿಕೆ. ಅದರ ಮೇಲೆ ಹಳೆಯ ಸೀರೆಯ ತುಂಡು ಹೊದಿಸಿಬಿಟ್ಟರು.

ಕೋಣೆಯಲ್ಲಿ ಆಡಿದ ಮಾತೆಲ್ಲ ನಮ್ಮಲ್ಲಿ ಉಳಿದಿರುತ್ತದೆ. ಡಾಕ್ಟರ್ ಕಲ್ಮೇಶರು ಅದನ್ನು ತೆಗೆದು ಕೇಳಿದರು, ನನ್ನನ್ನೂ ಕೂರಿಸಿ ಕೇಳಿಸಿದರು. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅಂಗಡಿ ಮುಚ್ಚುವ ಹೊತ್ತಿಗೆ ಬಂದ ಗಿರಾಕಿಯನ್ನು ಸಾಗಹಾಕುವವರ ದನಿ ಅದು. ರಾತ್ರಿ ಅಂದ್ರ ಎಂಬ ಎರಡು ಮಾತು, ಅದರ ಹಿಂದೆಯೇ ನಾನು. ಡಾಕ್ಟರು ಅದನ್ನು ನಿಲ್ಲಿಸಿದರು. ಬೈಯಲಿ ಎಂದು ಕಾದೆ. ಅವರು ಹೇಳಿದ್ದಕ್ಕಿಂತ ಬೈದಿದ್ದರೇ ಸಹಿಸಬಹುದಿತ್ತು.

“ಸುಗಂಧಕ್ಕಾ, ಅದನ್ನ ರಾತ್ರೀನ ಹಾಕಬೇಕು ಅಂತೇನಿಲ್ಲ. ಮಂದಿ ಮರೀಬಾರದು ಅಂತ ಮಲಗೂ ಹೊತ್ತಿಗೆ ಅಂತೇವಿ. ಹೊತ್ತು ಮುಳುಗೂಕಿಂತ ಮೊದಲ ಹಾಕಿದ್ರೂ ನಡೀತಿತ್ತು. ಹಾಕಿದ ಮ್ಯಾಲ ಕಣ್ಣಿನ ಮೂಲಿ ಎರಡು ನಿಮಿಷ ಒತ್ತಿ ಹಿಡದ್ರ ಗಂಟಲಿಗೂ ಬರಂಗಿಲ್ಲ. ಅವರು ಕೇಳಿದ್ರ ಹೇಳತಿದ್ದೆ.”

ಅವರು ಕೇಳುತ್ತಿದ್ದರು ಅಕ್ಕಾ. ಬಾಯಿ ತೆರೆದಿದ್ದರು. ನಾನು ನನ್ನ ಊಟದ ಹೊತ್ತು ಉಳಿಸಿಕೊಳ್ಳಲು ಅವರ ಮಾತನ್ನು ಕತ್ತರಿಸಿದೆ. ಅವರೂ ಅದೇ ಸೂರ್ಯನ ಮಾತನ್ನೇ ಕೇಳಲಿದ್ದರು. ಆ ಕೋಣೆಯಲ್ಲಿದ್ದ ಮೂವರಲ್ಲಿ ಡಾಕ್ಟರಿಗೆ ನಮ್ಮ ವ್ರತದ ವಿಷಯ ಗೊತ್ತಿಲ್ಲ, ಅವರ ಮನೆದೇವರು ಬೇರೆ, ಊರು ಬೇರೆ. ಗೊತ್ತಿದ್ದವಳು ನಾನೊಬ್ಬಳೇ. ರಾತ್ರಿ ಅಂದ್ರ ಎಂಬ ಮಾತು ಯಾರಿಗೆ ಅರ್ಥವಾಗದಿದ್ದರೂ ನನಗೆ ಆಗಬೇಕಿತ್ತು. ನನ್ನನ್ನು ಆ ಮಣೆಯ ಮೇಲೆ ಕೂರಿಸಿದ್ದೇ ಅದಕ್ಕಾಗಿ. ಕಣ್ಣಿಗೆ ಕಾಣದ ಜೀವಿಗೂ ನೋವಾಗಬಾರದು ಎಂದು ನೀರನ್ನು ಸೋಸಿ ಕುಡಿಯುವವಳು ನಾನು, ಎದುರಿಗೆ ಕೂತ ಹೆಂಗಸಿನ ಕಣ್ಣು ತೆಗೆದೆ. ಯಾರೂ ನನಗೆ ಶಿಕ್ಷೆ ಕೊಡಲಿಲ್ಲ. ಮಣೆಯಿಂದ ಇಳಿಸಿದರು, ಅಷ್ಟೇ. ಇಳಿಸುವಾಗಲೂ ಇಷ್ಟು ವರ್ಷ ದುಡಿದಿದ್ದೀರಿ ಎಂದು ಮರ್ಯಾದೆಯಿಂದಲೇ ಹೇಳಿದರು. ಆ ಮರ್ಯಾದೆಯನ್ನು ಎಲ್ಲಿಡಲಿ ಎಂದು ತಿಳಿಯದೆ ಒಂದು ತಿಂಗಳಿಂದ ಮನೆಯಲ್ಲಿ ಓಡಾಡುತ್ತಿದ್ದೇನೆ.

ಡಾಕ್ಟರು ಎರಡು ಸಲ ಅವರ ಮನೆಗೆ ಹೋದರು. ಭರಮವ್ವ ಒಳಕೋಣೆಯಿಂದ ಹೊರಗೆ ಬರಲಿಲ್ಲ. ಕುಸುಮಾ ಔಷಧ ಹಾಕಲು ಹೋದರೆ ಮುಖ ತಿರುಗಿಸುತ್ತಿದ್ದರಂತೆ. ಹೊತ್ತು ಮುಳುಗುವ ಮುಂಚೆ ಹಾಕಬಹುದಂತೆ ಎಂದು ಸೊಸೆ ಹೇಳಿದರೂ ನಂಬಲಿಲ್ಲ, ತಮ್ಮನ್ನು ಒಪ್ಪಿಸಲು ಕಟ್ಟಿದ ಮಾತು ಎಂದರು. ನಾನು ಹೋಗಬೇಕಿತ್ತು. ದಿನಾ ಹೊರಡುತ್ತಿದ್ದೆ, ಬೀದಿಯ ತಿರುವಿನ ತನಕ ಹೋಗಿ ಹಿಂದಿರುಗುತ್ತಿದ್ದೆ. ಬಲಗಣ್ಣು ದಿನದಿಂದ ದಿನಕ್ಕೆ ಸವೆಯುತ್ತಿದೆ ಎಂದು ಗೊತ್ತಿದ್ದೂ ಹಿಂದಿರುಗುತ್ತಿದ್ದೆ. ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ.

ಇವತ್ತು ನಮಗೆ ಕ್ಷಮಾವಣಿ. ದಶಲಕ್ಷಣ ಪರ್ವ ಮುಗಿದ ಮೇಲೆ ಮನೆಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೇಳುವ ದಿನ. ಎದುರಿನವರು ಉತ್ತಮ ಕ್ಷಮಾ ಎನ್ನುತ್ತಾರೆ. ಎಷ್ಟೋ ವರ್ಷ ಇದನ್ನು ನಾನು ಹಬ್ಬದ ನಮಸ್ಕಾರದ ಹಾಗೆ ಹೇಳಿಕೊಂಡು ಬಂದಿದ್ದೇನೆ, ಒಂದು ಓಣಿಯನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದೆ. ಇವತ್ತು ಬೆಳಿಗ್ಗೆ ಪೂಜೆ ಮುಗಿಸಿ ಒಂದೇ ಮನೆಗೆ ಹೋದೆ. ಭರಮವ್ವ ಅಂಗಳದ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು, ನೋಡದೆ, ಬೆರಳಿನ ಗುರುತಿನ ಮೇಲೆಯೇ. ಕಾಲು ಮುಟ್ಟಿ ಕೇಳಿಕೊಂಡೆ. ತಿಳಿದೋ ತಿಳಿಯದೆಯೋ ಎಂಬ ಮಾತು ಬಿಟ್ಟು, ತಿಳಿದೇ ಮಾಡಿದೆ ಎಂದೆ. ಅವರು ಕಾಯಿ ಸುಲಿಯುವುದು ನಿಲ್ಲಿಸಲಿಲ್ಲ.

“ದನಿ ಕೇಳಿದ್ರ ದವಾಖಾನಿ ಸುಗಂಧಿ ಇದ್ದಂಗೈತಿ,” ಎಂದರು. “ಇಷ್ಟ ಸಾವಕಾಶ ಮಾತಾಡ್ತಿ ಅಂದ್ರ ಆಕಿ ಅಲ್ಲ ಬಿಡು.”

ನಾನೇ ಎಂದೆ. ಕುಸುಮಾ ಒಳಗಿನಿಂದ ಮಣೆ ತಂದಿಟ್ಟಳು, ಕೂರಲಿಲ್ಲ. ಅವರು ಇನ್ನೊಂದು ಕಾಯಿ ಸುಲಿದು, ಮೊರದ ಅಂಚನ್ನು ತಡವಿ ನೋಡಿ ಕಾಳನ್ನು ಒಳಗೆ ಹಾಕಿದರು.

“ಆವತ್ತ ಹೊತ್ತಿನ್ಯಾಗ ಊಟಾ ಆತೇನವಾ ನಿಂದು?”

“ಆತ್ರಿ.”

“ಏನ್ ಮಾಡಿದ್ದಿ?”

“ರೊಟ್ಟಿ. ಹೆಸರಕಾಳ ಪಲ್ಯಾ.”

“ರುಚಿ ಆಗಿತ್ತೇನು?”

ಏನು ಹೇಳಲಿ ಅಕ್ಕಾ. ಇಲ್ಲ ಎಂದರೆ ಸುಳ್ಳು. ಆ ದಿನ ಹಸಿವಾಗಿತ್ತು, ಚೆನ್ನಾಗಿಯೇ ಉಂಡಿದ್ದೆ, ಉಂಡು ವ್ರತ ಉಳಿಯಿತು ಎಂದು ಕೈಮುಗಿದಿದ್ದೆ. ಆಗಿತ್ರಿ ಎಂದೆ. ಅವರು ಇನ್ನೂ ಮೂರು ನಾಲ್ಕು ಕಾಯಿ ಸುಲಿದರು. ಎಷ್ಟು ಉಸಿರು ಎಂದು ಎಣಿಸಲಿಲ್ಲ, ಎಣಿಸುವ ಧೈರ್ಯ ಇರಲಿಲ್ಲ. ಆಮೇಲೆ, ಖರೇ ಹೇಳಿದಿ, ಕೂಡು ಎಂದರು. ಕೂತೆ. ಡಾಕ್ಟರು ಹೇಳಿದ ಮಾತನ್ನು, ಹೊತ್ತು ಮುಳುಗುವ ಮುಂಚೆ ಹಾಕುವುದು, ಕಣ್ಣಿನ ಮೂಲೆ ಒತ್ತುವುದು, ಒಂದೂ ಬಿಡದೆ ಹೇಳಿದೆ. ಸೊಸೆಯ ಬಾಯಿಂದ ನಂಬದಿದ್ದದ್ದನ್ನು ನನ್ನ ಬಾಯಿಂದ ನಂಬಿದರು. ನನ್ನ ತಪ್ಪನ್ನು ನಾನೇ ಒಪ್ಪುತ್ತಿದ್ದೇನಲ್ಲ, ಅದಕ್ಕಿರಬೇಕು. ಅವರ ಕೈ ನಿಂತಿತು.

“ಇಷ್ಟ?” ಎಂದರು. “ಇಷ್ಟಕ್ಕ ಒಂದು ಕಣ್ಣು ಹೋತು?”

ಅವರು ಉತ್ತರಕ್ಕೆ ಕಾಯಲಿಲ್ಲ. ಆಮೇಲೆ ತಾವೇ ಹೇಳತೊಡಗಿದರು. ಆ ದಿನ ಕೋಣೆಯಿಂದ ಹೊರಗೆ ಬಂದಾಗ, ಇಷ್ಟು ದೊಡ್ಡ ದವಾಖಾನೆಯಲ್ಲಿ ನನ್ನಂಥವಳು ಕೇಳುವ ಮಾತೇ ಅಲ್ಲವೇನೋ ಅದು, ತಿಳಿದವರಿಗೆ ನಗೆ ಬರುತ್ತಿತ್ತೇನೋ ಎಂದುಕೊಂಡರಂತೆ. ಆಮೇಲೆ ಔಷಧ ಬಿಟ್ಟದ್ದಕ್ಕೆ ಬೈಸಿಕೊಳ್ಳಬೇಕಲ್ಲ ಎಂದು ಹೆದರಿಕೆ. ಬಂದು ಹೇಳಿದರೂ ನೀನು ನನ್ನ ಬದಲಿಗೆ ಮತ್ತೇನಾದರೂ ಹೇಳುತ್ತಿದ್ದೆ ಎಂದರು. ನಗುತ್ತಲೇ ಅಂದರು, ಆ ನಗು ನನಗೆ ಬೇಡವಾಗಿತ್ತು. ಮಾಡದಿಂದ ಶೀಶೆ ತರಲೇ, ಈಗಲೇ ಹಾಕೋಣ ಎಂದೆ. ಬೇಡ ಎಂದರು. ಡಾಕ್ಟರ ಬಾಯಿಂದ ಕೇಳಿ, ತಮ್ಮ ಮಾತನ್ನು ತಾವೇ ಅವರಿಗೆ ಹೇಳಿ, ಆಮೇಲೆ ಹಾಕಿಕೊಳ್ಳುವುದು ಎಂದರು. ನಾನು ಮತ್ತೆ ಕ್ಷಮೆ ಎಂದೆ. ಆಗ ಹೇಳಿದರು,

“ಕ್ಷಮಾ ಆಮ್ಯಾಲ ನೋಡೂಣು. ನಾಳೆ ಮುಂಜಾನೆ ನೀನ ಬಂದು ಕೈ ಹಿಡಕೊಂಡು ಕರಕೊಂಡು ಹೋಗು. ದಾರ್ಯಾಗ ಕಲ್ಲು ಬಂದ್ರ ಹೇಳು, ಮೆಟ್ಟಲಾ ಬಂದ್ರ ಹೇಳು. ಆ ಕ್ವಾಣಿ ಒಳಗ ಕಾಲಿಟ್ಟಮ್ಯಾಲ ನಿನ್ನ ಬಾಯಿಂದ ಒಂದಕ್ಷರ ಬರಬಾರದು.”

ಆಗಲಿ ಎಂದು ಬಂದಿದ್ದೇನೆ. ಬಂದವಳೇ ನಿಮಗೆ ಬರೆಯಲು ಕೂತೆ. ಕ್ಷಮಾವಣಿಯಲ್ಲಿ ಬದುಕಿರುವವರನ್ನಷ್ಟೇ ಕೇಳಬೇಕೆಂದಿಲ್ಲ, ಎಲ್ಲ ಜೀವಗಳನ್ನೂ ಕೇಳಬೇಕು ಎಂದಿದೆ. ಹಿಂದಕ್ಕೆ ಓಲೆ ಹೋಗುವುದಿಲ್ಲ ಎಂದು ನನಗೂ ಗೊತ್ತು. ಆದರೂ ನಿಮಗೆ ಮಾತು ಕೊಟ್ಟವಳು, ಮುರಿದದ್ದನ್ನೂ ನಿಮಗೇ ಹೇಳಬೇಕಲ್ಲ. ನಮ್ಮ ಕಾಲದಲ್ಲಿ ಇಷ್ಟೆಲ್ಲ ಕಟ್ಟುಪಾಡು ಇದ್ದೂ ಹೀಗಾಯಿತು ಎಂದರೆ, ಎತ್ತರದ ಕುರ್ಚಿ, ಇಪ್ಪತ್ತು ಉಸಿರು, ಪಕ್ಕದಲ್ಲಿ ನನ್ನಂಥವಳು, ಇವು ಯಾವುವೂ ಇಲ್ಲದ ನಿಮ್ಮ ಕೋಣೆಯಲ್ಲಿ ಎಷ್ಟು ಮಾತು ಗಂಟಲಲ್ಲೇ ನಿಂತಿತೋ ಎಂದು ಯೋಚಿಸುತ್ತ ಕೂತಿದ್ದೇನೆ. ನಿಮ್ಮ ಹಿಂದೆ ಉದ್ದ ಸಾಲಿತ್ತೇನೋ. ಡಾಕ್ಟರು ಬರೆಯುತ್ತಲೇ ಮುಂದಿನವರ ಹೆಸರು ಕೂಗಿದರೇನೋ. ಅವರನ್ನೂ ನಾನು ಬೈಯಲಾರೆ, ಅವರಿಗೂ ಅವರದೊಂದು ಸೂರ್ಯ ಮುಳುಗುತ್ತಿದ್ದೀತು.

ನಿಮ್ಮಲ್ಲಿ ಒಂದು ಬೇಡಿಕೆ ಇದೆ. ಔಷಧದ ಜೊತೆ ನಿಮ್ಮ ಮನೆಯ, ಮೈಯ, ದೇವರ ಯಾವುದೋ ಒಂದು ಪದ್ಧತಿ ಹೊಂದದಿದ್ದರೆ ಅದನ್ನು ಅಲ್ಲೇ ಹೇಳಿ. ಇದು ಇಲ್ಲಿ ಕೇಳುವ ಮಾತಲ್ಲ ಎಂದು ನಿಮಗೆ ಅನಿಸಿದ ಮಾತನ್ನೇ ಮೊದಲು ಕೇಳಿ. ಅವರು ತಲೆ ಎತ್ತದಿದ್ದರೆ ಎತ್ತುವ ತನಕ ಕೂತಿರಿ. ಹಿಂದಿನವರು ಗೊಣಗಿದರೆ ಗೊಣಗಲಿ. ಹಾಕಿಲ್ಲ, ನುಂಗಿಲ್ಲ, ಬಿಟ್ಟಿದ್ದೇನೆ ಎಂದು ಹೇಳಲು ನಾಚಿಕೆಪಟ್ಟು ಮನೆಯಲ್ಲಿ ಕೂರಬೇಡಿ. ಆ ನಾಚಿಕೆ ನಿಮ್ಮದಲ್ಲ, ನಮ್ಮದು. ಪಕ್ಕದಲ್ಲಿ ಕೂತ ಯಾರಾದರೂ, ಅವಳು ಎಷ್ಟೇ ದೇವರು ದಿಂಡರು ಎನ್ನುವವಳಾಗಿರಲಿ, ನಿಮ್ಮ ಬದಲಿಗೆ ಎಲ್ಲ ತಿಳಿದಿದೆ ಎಂದರೆ, ಇಲ್ಲ, ನನಗೆ ತಿಳಿದಿಲ್ಲ ಎಂದು ಹೇಳಿ.

ನಾಳೆ ಭರಮವ್ವನವರ ಕೈ ಹಿಡಿದು ಆ ಕೋಣೆಗೆ ಹೋಗುತ್ತೇನೆ. ಉಳಿದಿರುವ ಒಂದು ಕಣ್ಣಿನ ಮಾತು ಅದು. ಅವರು ನಡುವೆ ತಡವರಿಸಿದರೆ, ಮಾತು ಹುಡುಕಿದರೆ, ನನಗೆ ಗೊತ್ತಿದ್ದರೂ ಒದಗಿಸುವಂತಿಲ್ಲ. ಹನ್ನೊಂದು ವರ್ಷ ಎಲ್ಲರ ಪರವಾಗಿ ಮಾತಾಡಿದವಳಿಗೆ ಇದು ಯಾವ ಉಪವಾಸಕ್ಕಿಂತಲೂ ಕಷ್ಟ. ನಾನು ಸುಮ್ಮನಿರುತ್ತೇನೆ. ನೀವು ಸುಮ್ಮನಿರಬೇಡಿ ಅಕ್ಕಾ.

ಸುಗಂಧವ್ವ